ಉಗುಳುವ ಡಬ್ಬಿ

ಹುಣಸೆಹಣ್ಣು ಕಂಡರೆ ಎಲ್ಲರ ಬಾಯಲ್ಲಿ ನೀರೂರುತ್ತದೆ. ನನಗೆ ಹೇಸಿಗೆಯಾಗುತ್ತದೆ. ನನ್ನ ಅಡುಗೆಮನೆಯಲ್ಲಿ ಸಾರಿಗೆ ಟೊಮೆಟೊ ಹುಳಿಯೇ ಗತಿ. ಯಾಕೆಂದು ಕೇಳಿದವರಿಗೆ ಎದೆಯುರಿ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಪುಣೆ ಹತ್ತಿರದ ಭೋಸರಿಯಲ್ಲಿದ್ದೆವು. ಅಪ್ಪ ವಿಜಾಪುರದ ಕಡೆಯಿಂದ ಬಂದು ಲೇತ್ ಮಷಿನ್ ಮೇಲೆ ದುಡಿಯುತ್ತಿದ್ದ. ಶಾಲೆಯ ಪಿ.ಟಿ. ಟೀಚರ್ ನನ್ನ ಭುಜ ನೋಡಿ ನಿಗಡಿಯಲ್ಲಿದ್ದ ವೇಟ್‌ಲಿಫ್ಟಿಂಗ್ ಹಾಲ್‌ಗೆ ಕಳಿಸಿದರು. ಅಲ್ಲಿ ನಮ್ಮ ವಿಭಾಗದ ತಂಡಕ್ಕೆ ಹೊಸ ಹುಡುಗಿಯರನ್ನು ತಯಾರು ಮಾಡುತ್ತಿದ್ದರು. ತಂಡದಲ್ಲಿ ಹೆಸರು ಬಂದರೆ ರಾಜ್ಯಮಟ್ಟಕ್ಕೆ ದಾರಿ ತೆರೆದಂತೆ. ತರಬೇತಿ ಕೊಡುತ್ತಿದ್ದ ಸರ್ ದೇಹೂ ರೋಡಿನಲ್ಲಿ ಸೈನ್ಯದ ನೌಕರಿ ಮುಗಿಸಿ ಬಂದವರು. ಮೊದಲ ದಿನ ಅಪ್ಪನ ಮುರುಕು ಮರಾಠಿ ಕೇಳಿ, "ಯಾವೂರವ್ರಿ ನೀವು?" ಎಂದು ಕನ್ನಡದಲ್ಲೇ ಕೇಳಿಬಿಟ್ಟರು. ಅಷ್ಟೇ ಸಾಕಾಯಿತು. ಊರು ಬಿಟ್ಟವರ ಕಿವಿ ಭಾಳ ಅಗ್ಗ, ನಮ್ಮ ಭಾಷೆ ಮಾತಾಡಿದವರೆಲ್ಲ ನಮ್ಮವರೇ ಆಗಿಬಿಡುತ್ತಾರೆ. ಅಪ್ಪ ಅವತ್ತೇ ಅವರನ್ನು ದೇವರ ಜಗಲಿಯ ಮೇಲೆ ಕೂರಿಸಿದ.

ಹಾಲ್ ಎಂದರೆ ತಗಡಿನ ಶೆಡ್. ಬೆವರು, ತುಕ್ಕು, ಒದ್ದೆ ಚಾಪೆಗಳ ನಾತ. ಆ ನಾತ ನನಗೆ ಪ್ರೀತಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಾರ್ ತಲೆಯ ಮೇಲೆ ಅಲುಗದೆ ನಿಂತಾಗ ಇಡೀ ಶೆಡ್ಡೇ ನನ್ನದು ಅನಿಸುತ್ತಿತ್ತು.

ನಾನು ಐವತ್ತಮೂರು ಕಿಲೋ ವರ್ಗದವಳು. ಸರ್ ಅವರ ಅಕ್ಕನ ಮಗಳೂ ಅದೇ ವರ್ಗ. ತಂಡಕ್ಕೆ ಒಂದು ವರ್ಗದಿಂದ ಒಬ್ಬಳೇ. ನಾನು ಎತ್ತಿದ್ದನ್ನು ಅವಳು ಒಮ್ಮೆಯೂ ಎತ್ತಿರಲಿಲ್ಲ. ಆಯ್ಕೆ ಹತ್ತಿರ ಬಂದಾಗ ಸರ್ ನನ್ನನ್ನು ಕರೆದು, ತೂಕ ಇಳಿಸಿ ನಲವತ್ತೆಂಟರಲ್ಲಿ ನಿಲ್ಲು, ಆಗ ಇಬ್ಬರೂ ತಂಡಕ್ಕೆ ಬರಬಹುದು ಎಂದರು. ಮಾತು ಬೆಲ್ಲದಂತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬುದು ನನಗೆ ಹೊಳೆಯಲಿಲ್ಲ.

ರೊಟ್ಟಿ ಬಿಡಿಸಿದರು. ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಸಿ ಉರಿಬಿಸಿಲಲ್ಲಿ ಓಡಿಸಿದರು. ಕೊನೆಕೊನೆಗೆ ನೀರನ್ನೂ ಬಿಡಿಸಿದರು. ಅಷ್ಟಾದರೂ ಆಯ್ಕೆಯ ದಿನ ಬೆಳಿಗ್ಗೆ ತೂಕ ಚೂರು ಹೆಚ್ಚೇ ಇತ್ತು. ಸರ್ ನನ್ನ ಬಾಯಿಗೆ ಹುಣಸೆಹಣ್ಣಿನ ಉಂಡೆ ಇಟ್ಟು ಮೂಲೆಯಲ್ಲಿ ಕೂರಿಸಿದರು. ನುಂಗಬಾರದು, ಊರಿದ ನೀರನ್ನೆಲ್ಲ ಉಗುಳಬೇಕು. ಉಗುಳಲು ವನಸ್ಪತಿಯ ಖಾಲಿ ಡಬ್ಬಿ. ತೂಕ ಇಳಿಸುವವರಿಗೆಲ್ಲ ಅದೊಂದೇ ಡಬ್ಬಿ, ತಳದಲ್ಲಿ ಯಾರದೋ ಉಗುಳು ಒಣಗಿ ಹತ್ತಿಕೊಂಡಿತ್ತು. ಮೊದಲು ನೊರೆ ಬಂತು, ಆಮೇಲೆ ದಾರದಂಥ ಲೋಳೆ. ಸರ್ ಆಗಾಗ ಬಂದು ಡಬ್ಬಿಯೊಳಗೆ ಇಣುಕಿ, ಎಮ್ಮೆ ಹಿಂಡುವವರ ಹಾಗೆ, ಇನ್ನೂ ಬರಬೇಕು ಎನ್ನುತ್ತಿದ್ದರು. ಅವರ ಅಕ್ಕನ ಮಗಳು ಎದುರಿಗೇ ಕೂತು ವಡಾಪಾವ್ ತಿನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಹಸಿವಾಗಿತ್ತು, ತಿಂದಳು.

ತೂಕದ ಯಂತ್ರ ಒಪ್ಪಿತು, ಕಾಲು ಒಪ್ಪಲಿಲ್ಲ. ಸಿಗುವುದು ಮೂರೇ ಅವಕಾಶ. ದಿನಾ ಮೈ ಬಿಸಿಯಾಗಲೆಂದು ಎತ್ತುತ್ತಿದ್ದ ಭಾರ ಅವತ್ತು ಮೊಣಕಾಲು ದಾಟಲಿಲ್ಲ. ಮೂರನೆಯ ಸಲ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತೆ. ತಂಡದಲ್ಲಿ ಅವಳ ಹೆಸರು ಬಂತು, ನನ್ನದು ಬರಲಿಲ್ಲ.

ಅಪ್ಪ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದ. ಸರ್ ಅವನ ಹತ್ತಿರ ಹೋಗಿ ಮೊದಲು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, ಆಮೇಲೆ ಅವನಿಗೆ ನಾಟುವಂತೆ ಕನ್ನಡದಲ್ಲಿ ಹೇಳಿದರು: "ಮಗಳಿಗೆ ಹೊಟ್ಟಿ ತುಂಬ ಉಣ್ಣಾಕ ಹಾಕ್ರಿ. ಉಪವಾಸ ಕೆಡವಿದ್ರ ಬಾರ್ ಹ್ಯಾಂಗ ಏಳತದ?"

"ತಪ್ಪಾತ್ರಿ ಸರ್," ಎಂದು ಅಪ್ಪ ಕೈ ಮುಗಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಹೊಲದವನು ಬೇಲಿಗೇ ಕೈ ಮುಗಿಯುತ್ತಿದ್ದ. ಆ ಡಬ್ಬಿಗಿಂತ ಸರ್ ಎಂಬ ಆ ಮನುಷ್ಯ ಹೊಲಸು ಅನಿಸಿತು, ಈಗಲೂ ಅನಿಸುತ್ತದೆ.

ಬಸ್ಸಿನಲ್ಲಿ ನಾನು ಹೇಳಿದೆ, "ಉಣಬ್ಯಾಡ ಅಂದವರು ಅವರೇ, ಅಪ್ಪಾ."

"ಕಲಿಸಿದವರ ಮ್ಯಾಲ ಹಂಗ ಹೇಳಬಾರದವ್ವಾ," ಎಂದ.

ಮರುದಿನ ಅಪ್ಪ ಮೊಟ್ಟೆ ತಂದ. ನಮ್ಮದು ಮೊಟ್ಟೆಯ ಸಿಪ್ಪೆಯನ್ನೂ ಕಾಣದ ಮನೆ. ಅವ್ವ ಬಾಗಿಲಲ್ಲೇ ತಡೆದಳು. ಅವನು ಎದುರು ಮಾತಾಡದೆ ಸೀಮೆಎಣ್ಣೆ ಸ್ಟವ್ ಹೊರಗೆ ತಂದು, ಚಾಳಿನ ಸಾಲುಮನೆಯವರೆಲ್ಲ ನೋಡುತ್ತಿರುವಾಗ ತಾನೇ ಬೇಯಿಸಿದ. ಉಗುರಿನ ಸಂದಿಯಲ್ಲಿ ಮಷಿನ್ ಎಣ್ಣೆ ಕಪ್ಪಾಗಿ ನಿಂತಿದ್ದ ಆ ಬೆರಳುಗಳಿಗೆ ಸಿಪ್ಪೆ ಸುಲಿಯಲು ಬರುತ್ತಿರಲಿಲ್ಲ. ಅರ್ಧ ಬಿಳಿಭಾಗ ಸಿಪ್ಪೆಯ ಜೊತೆಗೇ ಕಿತ್ತು ಹೋಯಿತು. ವಾಸನೆಗೆ ತಾನೇ ಮುಖ ಆಚೆ ತಿರುಗಿಸಿ, ಉಳಿದದ್ದನ್ನು ನನ್ನ ಬಾಯಿಗೆ ಹಿಡಿದ. ತಿಂದೆ. ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಗಟಾರದ ಹತ್ತಿರ ಓಡಿ ಎಲ್ಲ ಕಾರಿದೆ.

ಅಪ್ಪ ತಂಬಿಗೆಯಲ್ಲಿ ನೀರು ತಂದು ನನ್ನ ಬಾಯಿ ತೊಳೆದ. ಬೆನ್ನು ಸವರುತ್ತಾ ಹೇಳಿದ:

"ಇರ್ಲಿ ಬಿಡವ್ವಾ. ಹ್ಯಾಂಗ ತಿನ್ನಸಬೇಕಂತ ನಾಳಿ ಸರ್‌ಗೇ ಕೇಳ್ಕೊಂಡ ಬರ್ತೀನಿ."