ಮರಾಠಿಯಲ್ಲಿ ಹೆಸರು ಕೇಳಿದರೆ

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕನ್ನಡದ ಊರು ದರಿಬಡಚಿಯಿಂದ ತಾಲೂಕಿನ ಊರು ಜತ್ತಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ತೊಡೆಯ ಮೇಲೆ ಐದು ವರ್ಷದ ಮಗಳು. ನನ್ನ ಕಂತ್ರಾಟಿ ನೌಕರಿ ಈ ಸಲ ಮುಂದುವರಿಯುತ್ತದೋ ಇಲ್ಲವೋ ಎಂದು ಯಾರೂ ಹೇಳುತ್ತಿರಲಿಲ್ಲ. ಅದನ್ನೇ ಕೇಳಲು ಕಚೇರಿಗೆ ಹೋಗುತ್ತಿದ್ದೆ.

ಪಕ್ಕದಲ್ಲಿ ಬಳೆ ವ್ಯಾಪಾರದ ಹೆಂಗಸೊಬ್ಬರು ಕೂತಿದ್ದರು. ಮಗಳ ಗಲ್ಲ ಮುಟ್ಟಿ, ನಗುತ್ತ ಮರಾಠಿಯಲ್ಲಿ ಕೇಳಿದರು: "ತುಝಂ ನಾವ್ ಕಾಯ್, ಬಾಳಾ?"

ಮಗಳು ಎರಡೂ ಕಿವಿ ಹಿಡಿದುಕೊಂಡು, "ಇನ್ನೊಮ್ಮೆ ಮಾಡಂಗಿಲ್ರಿ" ಅಂದಳು.

ಅವರು ಗಾಬರಿಯಾಗಿ ಕನ್ನಡಕ್ಕೆ ಹೊರಳಿದರು. "ಬೈದಿಲ್ಲವ್ವಾ, ಹೆಸರ ಕೇಳೀನಿ ಅಷ್ಟ."

ಮಗಳು ಕಿವಿ ಬಿಟ್ಟಳು. "ನಮ್ಮವ್ವ ಸಿಟ್ಟ ಬಂದಾಗ ಹಿಂಗ ಮಾತಾಡ್ತಾಳರಿ. ಈಗ ದಿನಾ ಮಾತಾಡ್ತಾಳ."

ಬಸ್ಸಿನಲ್ಲಿ ಅಷ್ಟು ಗದ್ದಲವಿದ್ದರೂ ಎಲ್ಲರಿಗೂ ಕೇಳಿಸಿತು ಅಂತ ನನಗೆ ಅನಿಸಿತು. ಸುಳ್ಳೇನೂ ಅಲ್ಲ. ಕಚೇರಿಗೆ ಫೋನ್ ಮಾಡಿ ಮರಾಠಿಯಲ್ಲಿ ಮಾತಾಡಿ ಇಟ್ಟ ಮೇಲೆ ನನ್ನ ನಾಲಿಗೆ ಮನೆಯ ಮಾತಿಗೆ ತಿರುಗುತ್ತಲೇ ಇರಲಿಲ್ಲ. ಸಾಹೇಬರ ಮುಂದೆ ನುಂಗಿಕೊಂಡದ್ದೆಲ್ಲ ಅದೇ ಮರಾಠಿಯಲ್ಲಿ, ಹಾಲು ಚೆಲ್ಲಿದ ನೆವದಲ್ಲಿ, ಚಪ್ಪಲಿ ಸಿಗದ ನೆವದಲ್ಲಿ, ಇವಳ ಮೇಲೆ ಬೀಳುತ್ತಿತ್ತು.

ಆ ಹೆಂಗಸು ಗಂಟು ಬಿಚ್ಚಿ ಸಣ್ಣ ಹಸಿರು ಬಳೆ ಹುಡುಕಿ ಮಗಳ ಕೈಗೆ ಏರಿಸಿದರು. ಅವಳು ಹೆಸರು ಹೇಳಿದಳು, ಗೆಳತಿಯರ ಹೆಸರನ್ನೂ ಹೇಳಿದಳು. ನಾನು ತಲೆ ಎತ್ತಲಿಲ್ಲ. ನನ್ನ ಮುಜುಗರ ಕಂಡು ಮಾತು ಬೇರೆ ಕಡೆ ತಿರುಗಿಸಬೇಕೆಂದೇ ಇರಬೇಕು, ಅವರು ಕೇಳಿದರು: "ನೀವು ಏನ್ ನೌಕರಿ ಮಾಡ್ತೀರಿ, ಬಾಯಾರ?"

ಕಿಟಕಿಯ ಕಡೆ ನೋಡುತ್ತ ಹೇಳಿದೆ: "ಸಾಲ್ಯಾಗ ಮರಾಠಿ ಕಲಿಸ್ತೀನ್ರಿ."