ಕನ್ನಮ್ಮ ಕಟ್ಟುವ ತಂತಿ

ಬೆಳಗಿನ ಆರು ಗಂಟೆ. ಸಾಗರದ ಪೇಟೆಯಲ್ಲಿ ಮುಕುಂದಯ್ಯನವರ ರೇಡಿಯೊ ರಿಪೇರಿ ಅಂಗಡಿ ಆಗಲೇ ತೆರೆದಿದೆ. ಆಕಾಶವಾಣಿ ಶುರುವಾಗುವ ಹೊತ್ತಿಗೆ ಕೆಟ್ಟ ಸೆಟ್ಟುಗಳನ್ನು ಹಚ್ಚಿ, ಗೊರಗೊರ ಕೇಳಿಯೇ ರೋಗ ಹಿಡಿಯುವುದು ಅವರ ಪದ್ಧತಿ. ಆಮೇಲೆ ಪ್ಲಗ್ ಕಿತ್ತು ಸೆಟ್ಟನ್ನು ಪಕ್ಕದ ಮೇಜಿಗೆ ತಳ್ಳುತ್ತಾರೆ. ಅಲ್ಲಿಂದಾಚೆ ಕನ್ನಮ್ಮನದೇ ಕಾರುಬಾರು.

ಆಕೆ ಹಿಂಬದಿಯ ಹಲಗೆ ಬಿಚ್ಚಿ, ಬಲ್ಬಿಗೆ ಜೋಡಿಸಿದ ಎರಡು ತಂತಿಗಳನ್ನು, ಕರೆಂಟ್ ಹಿಡಿದಿಡುವ ಕಂಡೆನ್ಸರಿನ ಕಾಲುಗಳಿಗೆ ಮುಟ್ಟಿಸುತ್ತಾರೆ. ಒಳಗಿದ್ದ ಕರೆಂಟ್ ಇಳಿದು ಬಲ್ಬು ಮಿಣುಕಿ ಆರುತ್ತದೆ. ಬೇರೆಯವರಾದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತಾರೆ. ಕನ್ನಮ್ಮ ಮಾತ್ರ ಎರಡೂ ಕಾಲುಗಳನ್ನು ತಾಮ್ರದ ತಂತಿಯಿಂದ ಸೇರಿಸಿ ಬಿಗಿಯುತ್ತಾರೆ. ಮುಕುಂದಯ್ಯ ಟೆಸ್ಟರ್ ಎಂಬ ಮುಳ್ಳಿನ ಮೀಟರು ಹಚ್ಚಿ ಪರೀಕ್ಷಿಸುವ ಗಳಿಗೆಯವರೆಗೆ ಆ ಕಟ್ಟು ಬಿಚ್ಚುವಂತಿಲ್ಲ.

“ಕರೆಂಟ್ ತೆಗೆದ್ರೂ ಇದ್ರ ಹೊಟ್ಟೇಲಿ ಉಳ್ದಿರುತ್ತೆ. ಹಂಗೇ ಕೊಟ್ರೆ ಟೆಸ್ಟರ್ ಸುಟ್ಟೋಗುತ್ತೆ” ಎನ್ನುತ್ತಾರೆ.

ಹೊಸನಗರದ ಕಡೆಯ ಅವರ ಊರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿ ಐದು ವರ್ಷವಾಯಿತು. ಗಂಡ ಬೆಳ್ಳಪ್ಪ ಕಾರ್ಗಲ್‌ನಲ್ಲಿ ಕೂಲಿ. ಅಂಗಡಿಯ ಕಸ ಗುಡಿಸಲು ಬಂದ ಕನ್ನಮ್ಮ ನೋಡಿ ನೋಡಿಯೇ ಈ ಕೆಲಸ ಕಲಿತರು. ದಿನಕ್ಕೆ ಮೂವತ್ತು ಕಂಡೆನ್ಸರ್ ಆಕೆಯ ಕೈ ದಾಟುತ್ತವೆ, ಮಳೆಗಾಲದಲ್ಲಿ ಅದರ ಎರಡರಷ್ಟು. ತೀರ್ಥಹಳ್ಳಿಯಿಂದಲೂ ಸೆಟ್ಟುಗಳು ಬಸ್ಸಿನಲ್ಲಿ ಬರುತ್ತವೆ.

ಮೂರು ವರ್ಷದ ಹಿಂದೆ ಅಂಗಡಿಯ ಒಂದೇ ಒಂದು ಟೆಸ್ಟರ್ ಸುಟ್ಟುಹೋಯಿತು. ಅಂದು ಬಲ್ಬು ಹಿಡಿದವರು ಮುಕುಂದಯ್ಯನವರೇ. ಅದು ಆರಿದ್ದನ್ನು ನೋಡಿ, ಕಾಫಿ ಕುಡಿದು ಬಂದು ಟೆಸ್ಟರ್ ಹಚ್ಚಿದರು. ಮುಳ್ಳು ಹಾರಿ ಬಾಗಿತು, ಹೊಗೆ ಎದ್ದಿತು. ಖಾಲಿಯಾದ ಕಂಡೆನ್ಸರಿಗೆ ಕರೆಂಟ್ ಎಲ್ಲಿಂದ ಬರಬೇಕು? ಮೇಜು ಒರೆಸುವಾಗ ಕನ್ನಮ್ಮನೇ ಮತ್ತೆ ಪ್ಲಗ್ ಚುಚ್ಚಿ ಸ್ವಿಚ್ ಹಾಕಿರಬೇಕೆಂದು ರೇಗಿ ಮನೆಗೆ ಕಳಿಸಿಬಿಟ್ಟರು. ಪಾಪ, ಆಕೆ ಸೆಟ್ಟಿನ ಹತ್ತಿರಕ್ಕೂ ಸುಳಿದಿರಲಿಲ್ಲ.

ಒಂಬತ್ತನೆಯ ದಿನ ಕನ್ನಮ್ಮ ತಾವಾಗಿಯೇ ಬಂದು ನಿಂತರು. ಬಲ್ಬು ಹಿಡಿದು ಪಕ್ಕಕ್ಕಿಟ್ಟ ಕಂಡೆನ್ಸರನ್ನು ಒರೆಸುವಾಗ ಹಿಂದೆ ಒಂದೆರಡು ಸಲ ಅವರಿಗೆ ಷಾಕ್ ಹೊಡೆದಿತ್ತು. “ನನ್ನ ಎದ್ರಿಗೇ ಬಲ್ಬ್ ಹಿಡೀರಿ. ಆಮೇಲೆ ಯಾರೂ ಮುಟ್ಟೂದ್ ಬ್ಯಾಡ” ಎಂದರು. ಬಲ್ಬು ಆರಿದ ಮೇಲೆ ಅರ್ಧ ಗಂಟೆ ಇಬ್ಬರೂ ಕಂಡೆನ್ಸರನ್ನೇ ನೋಡುತ್ತ ಕುಳಿತರು. ಬಳಿಕ ಆಕೆ ಅದರ ಎರಡೂ ಕಾಲುಗಳಿಗೆ ತಂತಿ ಮುಟ್ಟಿಸಿದಾಗ ಚಟ್ಟೆಂದು ಕಿಡಿ ಹಾರಿತು.

“ಬಾವಿ ಬತ್ತಿಸಿದ್ರೂ ಒರತೆ ಬರೂದಿಲ್ವಾ, ಹಂಗೇ ಇದು. ಕಟ್ಟಿಟ್ರೆ ಮಾತ್ರ ಸುಮ್ನಿರುತ್ತೆ” ಎಂದು ಈಗ ನಗುತ್ತಾರೆ.

ಮುಕುಂದಯ್ಯ ಅಂದೇ ಕೆಲಸ ಮರಳಿ ಕೊಟ್ಟರು, ಆದರೆ ತಪ್ಪು ತಮ್ಮದೆಂದು ಬಾಯಿಬಿಡಲಿಲ್ಲ. ಹೊಸ ಟೆಸ್ಟರ್ ಇಂದಿಗೂ ಗಟ್ಟಿಮುಟ್ಟಾಗಿದೆ. ಪೇಟೆಯಲ್ಲಿ ಮಾತ್ರ ಆಕೆ ಇನ್ನೂ ಟೆಸ್ಟರ್ ಸುಟ್ಟ ಕನ್ನಮ್ಮ. ಇದು ಅನ್ಯಾಯವೇ ಸರಿ.

ನಿಮಗೇನು ಆಸೆ ಎಂದು ಕೇಳಿದರೆ ಆಕೆ ತಡವರಿಸುವುದಿಲ್ಲ.

“ಪೇಪರ್‌ನಾಗೆ ಒಂದ್ ಸಾಲು ಬರೀರಿ. ಅದು ಸುಟ್ಟಿದ್ದು ಕನ್ನಮ್ಮನ ಕೈಯಿಂದ ಅಲ್ಲ ಅಂತ.”

ಆಚೆ ಮೇಜಿನಲ್ಲಿ ಮುಕುಂದಯ್ಯನವರ ಸ್ಕ್ರೂಡ್ರೈವರ್ ನಿಲ್ಲುತ್ತದೆ.

“ಯಾರ ಕೈಯಿಂದ ಅಂತಲೂ ಬರೀರಿ” ಎನ್ನುತ್ತಾರೆ ಅವರು, ತಲೆ ಎತ್ತದೆ. “ನನ್ನ ಹೆಸರು ಹಾಕಿ.”