ದೊಡ್ಡಮ್ಮನ ನೆರಳಿಗೊಂದು ಜಾಗ

ಕೇಳಿರಯ್ಯಾ ಗೆಳೆಯರೇ, ಇವತ್ತು ರಾಮಮೂರ್ತಿ ನಗರದ ಫೋಟೊ ಸ್ಟುಡಿಯೊದಲ್ಲಿ ಮಹಾಯುದ್ಧ! ನಮ್ಮ ಗೃಹಪ್ರವೇಶಕ್ಕೆ ಮುನಿಸಿಕೊಂಡು ಬಾರದಿದ್ದ ದೊಡ್ಡಮ್ಮನನ್ನು ಅವತ್ತಿನ ಗ್ರೂಪ್ ಫೋಟೊದಲ್ಲಿ ಅಮ್ಮನ ಪಕ್ಕಕ್ಕೆ ಸೇರಿಸಿದ್ದಾಯಿತು. ಅಂಟಿಸಿದ ಹಾಗೆ ಕಾಣಬಾರದೆಂದು ಸ್ಟುಡಿಯೊದ ಸಲೀಂ ಭಾಯ್ ಕಂಪ್ಯೂಟರಿನಲ್ಲೇ ಅವರಿಗೊಂದು ನೆರಳನ್ನೂ ಕೊಟ್ಟರು. ಅದು ನೇರವಾಗಿ ಅಮ್ಮನ ಮೇಲೆ ಬಿತ್ತು.

"ನನ್ನ ಹೊಸ ರೇಷ್ಮೆ ಸೀರೆಗೆ ಮಸಿ ಬಳಿದಂಗಿದೆ, ತೆಗೀರಿ!" ಎಂದರು ಅಮ್ಮ.

"ನೆರಳಿಲ್ದೇ ಇರೋಕೆ ನಾನೇನ್ ದೆವ್ವಾನಾ?" ದೊಡ್ಡಮ್ಮ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

"ಸೂರ್ಯನನ್ನೇ ಆಚೆಗೆ ಸರಿಸಿ!" ಎಂದು ನಾನು ಅಬ್ಬರಿಸಿದೆ.

"ಆಗಲ್ಲ ಸಾರ್, ಎಲ್ಲರ ನೆರಳೂ ಈ ಕಡೆಗೇ ಇದೆ," ಎಂದರು ಸಲೀಂ ಭಾಯ್.

ದೊಡ್ಡಮ್ಮ ಬಾಗಿಲಲ್ಲೇ ತಿರುಗಿದರು. "ಹಂಗಾದ್ರೆ ನಮ್ಮೆಜಮಾನ್ರ ಪಕ್ಕ ನಿಲ್ಸಪ್ಪಾ. ನೆರಳು ಅವ್ರ ಮೇಲೇ ಬೀಳ್ಲಿ, ಅವ್ರಿಗೆ ಅಭ್ಯಾಸ ಇದೆ."

ಈಗ ಫೋಟೊದಲ್ಲಿ ದೊಡ್ಡಪ್ಪನ ಅರ್ಧ ಮುಖ ಕಪ್ಪು. "ಸೂಪರಾಗಿ ಬಂದಿದೆ" ಎಂದು ಅಮ್ಮ, ದೊಡ್ಡಮ್ಮ ಇಬ್ಬರೂ ಒಟ್ಟಿಗೇ ಮೆಚ್ಚಿದರು. ದೊಡ್ಡಪ್ಪನನ್ನು ಯಾರೂ ಕೇಳಲಿಲ್ಲ.